ಹಾರುವ ಮೊದಲೇ ಮುಟ್ಟಿದವರು

ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ಇಟ್ಟಿರುವ ತೋಟಪ್ಪನ ಬಾಯಿಗೆ ಬೀಗವಿಲ್ಲ. ಹೆಂಡತಿ ನೀಲಗಂಗಮ್ಮ ಭಜನೆ ಮಾಡುವ ಅಕ್ಕನ ಬಳಗದ ಗೆಳತಿಯರ ಜೊತೆ ವಿಮಾನದಲ್ಲಿ ಹೋಗಿ ಹೈದರಾಬಾದು ನೋಡಿ ಬರುತ್ತೇನೆ ಎಂದಾಗ, ಮಿಲ್ಲಿನ ಹಮಾಲರೆಲ್ಲ ಕೇಳುವ ಹಾಗೆ ಅಂದುಬಿಟ್ಟಿದ್ದ: "ಹಂಪಿ ಬಸ್ಸಿನ್ಯಾಗ ಕುಂತ್ರ ವಾಂತಿ ಮಾಡ್ಕೊಳ್ಳಾಕಿ ನೀನು. ನೀ ವಿಮಾನ ಹತ್ತಿದ ದಿನ ನಾ ಈ ಮಿಲ್ಲಿನ ಮಾಳಿಗಿ ಮ್ಯಾಲ ಕುಣೀತೀನಿ."

ಮಾತು ನೀಲಗಂಗಮ್ಮನಿಗೆ ಚುಚ್ಚಿತು. ವಾಂತಿಯ ವಿಷಯ ನಿಜವೇ ಆದ್ದರಿಂದ ಇನ್ನೂ ಹೆಚ್ಚು ಚುಚ್ಚಿತು. ಮದುವೆಯಾದಾಗಿನಿಂದ ಎಲ್ಲಿಗೆ ಹೋದರೂ ಗಂಡ ಕೈ ಬೀಸಿಕೊಂಡು ಮುಂದೆ, ಇವಳು ಚೀಲ ಹೊತ್ತು ಹಿಂದೆ. ಈ ಸಲ ತಾನು ಹಾರಲೇಬೇಕು, ಅವನು ಕುಣಿಯಲೇಬೇಕು, ಕಂಪ್ಲಿಗೆ ಕಂಪ್ಲಿಯೇ ನಿಂತು ನಗಬೇಕು ಎಂದು ಹಟ ಹಿಡಿದಳು. ಟಿ.ಬಿ. ಡ್ಯಾಮಿನಲ್ಲಿರುವ ತಂಗಿಯ ಮಗಳು ಭವ್ಯ ಎಲ್ಲರಿಗೂ ಟಿಕೆಟ್ ಮಾಡಿಸಿದಳು. ಆ ವಾರವೆಲ್ಲ ನೀಲಗಂಗಮ್ಮನಿಗೆ ನಿದ್ದೆಯೇ ಹತ್ತಲಿಲ್ಲ, ಅಷ್ಟು ಉಮೇದು.

ಹೊರಟ ದಿನ ಎಲ್ಲ ಸರಿಯಾಗಿಯೇ ಇತ್ತು. ಕ್ರೂಸರ್ ಗಾಡಿ ಹೊಸಪೇಟೆಗೆ ಬಂತು, ಭವ್ಯಳನ್ನು ಹತ್ತಿಸಿಕೊಂಡಿತು, ತೋರಣಗಲ್ಲಿನ ಕಡೆಯ ವಿಮಾನ ನಿಲ್ದಾಣಕ್ಕೆ ತಿರುಗಿತು. ಗಾದಿಗನೂರಿನ ಹತ್ತಿರ ಟೈರು ಢಂ ಎಂದಿತು. ಡ್ರೈವರ್ ಮಾರೇಶ ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ.

"ಗಾಳಿ ನೋಡ್ಕೊಂಡು ಬರಾಕ ಏನಾಗಿತ್ತೋ ನಿನಗ?" ಎಂದು ಗಂಗಾಂಬಿಕಾ ಅವನ ಮೇಲೆ ಹರಿಹಾಯ್ದಳು. ಬಳಗದಲ್ಲಿ ಅವಳದೇ ಜೋರು ಬಾಯಿ, ಅವಳದೇ ಪುಕ್ಕಲು ಜೀವ. ಮಾರೇಶ ಚಕ್ರ ಉರುಳಿಸಿಕೊಂಡು ಪಂಕ್ಚರ್ ಅಂಗಡಿಗೆ ಓಡಿದ. ಅದಿರು ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತ, ಹೊಸ ಸೀರೆಗಳ ಮೇಲೆಲ್ಲ ಕೆಂಪು ಧೂಳು ಚೆಲ್ಲಿದವು. ವಿಮಾನ ಬಿಡುವ ಹೊತ್ತು ಹತ್ತಿರ ಬರುತ್ತಿತ್ತು. ನೀಲಗಂಗಮ್ಮ ಮಾರೇಶ ಹೋದ ದಾರಿಯನ್ನೇ ನೋಡುತ್ತಿದ್ದಳು.

ಅಂತೂ ಚಕ್ರ ಕೂತು ಗಾಡಿ ಕದಲಿದಾಗ ತೋಟಪ್ಪನ ಫೋನ್ ಬಂತು. "ಏನು, ಬಿಡ್ತೇನು?"

ಪಂಕ್ಚರ್ ಆಯಿತೆಂದರೆ ಎಲ್ಲಿ ನಗುತ್ತಾನೋ ಎಂದು ಇವಳು ಚುಟುಕಾಗಿ, "ಹ್ಞೂಂ ರೀ, ಈಗ ಗಾಡಿ ಬಿಡ್ತು," ಎಂದಳು. ಪಕ್ಕದಲ್ಲೇ ಲಾರಿಯೊಂದು ಗುಡುಗಿಕೊಂಡು ಹೋಯಿತು. ಫೋನ್ ಇಟ್ಟಳು. ಕಂಪ್ಲಿಯವರ ಬಾಯಲ್ಲಿ ಉರುಳುವುದೆಲ್ಲ ಗಾಡಿಯೇ, ಹಾರುವುದೂ ಗಾಡಿಯೇ ಎಂಬುದು ಆಗ ಅವಳ ತಲೆಗೆ ಹೊಳೆಯಲಿಲ್ಲ.

ನಿಲ್ದಾಣದಲ್ಲಿ ಎಲ್ಲರೂ ಸೀರೆ ಎತ್ತಿ ಹಿಡಿದು ಓಡಿದರು. ಕೌಂಟರಿನ ಹುಡುಗಿ ನಿಧಾನವಾಗಿ ನಕ್ಕಳು. ಹೈದರಾಬಾದಿನಲ್ಲಿ ಜೋರು ಮಳೆ, ವಿಮಾನ ಅಲ್ಲಿಂದ ಇನ್ನೂ ಎದ್ದೇ ಇಲ್ಲ ಎಂದಳು. ವಿಮಾನ ತಡವಾಯಿತೆಂದು ಇಷ್ಟು ಕುಣಿದು ಕುಪ್ಪಳಿಸಿದವರನ್ನು ಆ ಹುಡುಗಿ ಹಿಂದೆಂದೂ ಕಂಡಿರಲಿಕ್ಕಿಲ್ಲ. ತಪಾಸಣೆ ಮುಗಿಸಿ ಒಳಗೆ ಕೂತು, ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದರು.

ಆಗ ಭವ್ಯಳ ಫೋನಿಗೆ ಮಿಲ್ಲಿನ ಗುಮಾಸ್ತ ಹುಲುಗೇಶನಿಂದ ಒಂದು ವಿಡಿಯೋ ಬಂತು. ಮಿಲ್ಲಿನ ಮಾಳಿಗೆ. ಅದರ ಮೇಲೆ ಧೋತರ ಎತ್ತಿ ಕಟ್ಟಿದ ತೋಟಪ್ಪ, ಕೈಯಲ್ಲಿ ಕೆಂಪು ಟವೆಲ್ಲು. ಮೊಣಕಾಲು ನೋವಿನ ಮನುಷ್ಯ ಒಂದು ಕಾಲು ಎತ್ತಿ ಇನ್ನೊಂದು ಇಳಿಸಿ ಕುಣಿಯುತ್ತಿದ್ದ. ಎಲ್ಲೋ ಎತ್ತರದಲ್ಲಿ ಯಾವುದೋ ವಿಮಾನ ಹೋಗುತ್ತಿತ್ತು. ಕೆಳಗೆ ಹಮಾಲರು ಸೀಟಿ ಹೊಡೆಯುತ್ತಿದ್ದರು.

ಹೆಂಗಸರು ಬಿದ್ದು ಬಿದ್ದು ನಕ್ಕರು. ನೀಲಗಂಗಮ್ಮನೂ ನಕ್ಕಳು. ಆಮೇಲೆ ವಿಡಿಯೋದಲ್ಲೇ ಅವನ ದನಿ ಕೇಳಿತು. ಮುಖ ಮೇಲೆತ್ತಿ ಕೂಗುತ್ತಿದ್ದ: "ನೀಲಗಂಗಾ, ಇಲ್ಲಿ ನೋಡು, ಕೆಳಗ, ಇಲ್ಲಿ ಅದೀನಿ."

ಇಷ್ಟು ವರ್ಷದಲ್ಲಿ ಅವನು ನಾಲ್ಕು ಮಂದಿಯೆದುರು ಅವಳ ಹೆಸರು ಹಿಡಿದು ಕರೆದವನಲ್ಲ. "ಲೇ", "ಕೇಳಿಸ್ತೇನು", ಅಷ್ಟೇ. ಅವಳ ನಗು ಅಲ್ಲೇ ನಿಂತಿತು. ಈ ಪುಣ್ಯಾತ್ಮ ಮಾತಿಗೆ ಸೋತು ಕುಣಿದಿರಲಿಲ್ಲ, ಮೇಲಿನಿಂದ ತನಗೆ ಕಾಣಲಿ ಎಂದು ಕುಣಿದಿದ್ದ.

"ದೊಡ್ಡವ್ವ, ದೊಡ್ಡಪ್ಪಗ ಫೋನ್ ಮಾಡಿ ಇನ್ನೂ ಹಾರಿಲ್ಲ ಅಂತ ಹೇಳ್ಲೇನು?" ಎಂದಳು ಭವ್ಯ.

"ಬ್ಯಾಡ."

ಇವತ್ತು ತಾನು ಹಾರದಿದ್ದರೆ ಊರು ಅವನನ್ನು ಜನ್ಮವಿಡೀ ಆಡಿಕೊಳ್ಳುತ್ತದೆ. ಬೆಳಿಗ್ಗೆ ಅವಳಿಗೆ ಬೇಕಾಗಿದ್ದದ್ದು ಅದೇ. ಈಗ ನೆನೆಸಿಕೊಂಡರೇ ಸಂಕಟವಾಯಿತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಳೆ ನಿಂತಿಲ್ಲ, ಇನ್ನೂ ತಡ, ರದ್ದಾದರೂ ಆಗಬಹುದು. ಗಂಗಾಂಬಿಕಾ ಚೀಲ ಎತ್ತಿಕೊಂಡಳು. "ಮನೀಗೆ ಹೋಗೂಣು ನಡೀರೆವ್ವ. ನನಗ ಮೊದ್ಲಾ ಎದಿ ಡವಡವ ಅನ್ನಾಕತ್ತೈತಿ." ಅವಳ ಹಿಂದೆ ಇನ್ನಿಬ್ಬರು ಎದ್ದರು.

ನೀಲಗಂಗಮ್ಮ ದಾರಿಗೆ ಅಡ್ಡ ನಿಂತಳು. "ಒಬ್ಬಾಕಿನೂ ಹೊರಗ ಕಾಲಿಡಂಗಿಲ್ಲ. ಕಂಪ್ಲಿಗೆ ಫೋನೂ ಮಾಡಂಗಿಲ್ಲ. ನನ್ನ ಗಂಡ ಕುಣಿದಾನ. ಇನ್ನ ನಾ ಹಾರಬೇಕು."

ಬಳಗದ ಭಜನೆಯಲ್ಲಿ ತಾಳ ಹಾಕಿಕೊಂಡು ಮೂಲೆಯಲ್ಲಿ ಕೂರುವ ನೀಲಗಂಗಮ್ಮನ ಬಾಯಲ್ಲಿ ಇಂಥ ಗತ್ತು ಯಾರೂ ಕೇಳಿರಲಿಲ್ಲ. ಎದ್ದವರು ಮೆಲ್ಲಗೆ ಕೂತರು. ಎಲ್ಲರ ಫೋನುಗಳೂ ಬಂದಾದವು. ಆದರೆ ಹೊತ್ತು ಹೋದ ಹಾಗೆ ಅವಳಿಗೆ ಇನ್ನೊಂದು ಚಿಂತೆ ಹತ್ತಿತು. ಹೈದರಾಬಾದು ತಾಸಿನ ದಾರಿ ಎಂದು ಅವನಿಗೆ ಗೊತ್ತು. ಸುದ್ದಿಯೇ ಇಲ್ಲದಿದ್ದರೆ ವಿಮಾನ ಬಿತ್ತೆಂದೇ ತಿಳಿದಾನು.

"ಭವ್ಯಾ, ನಿನ್ನ ಫೋನ್ ಹಚ್ಚು. ಮುಟ್ಟೀವಿ ಅಂತ ಬರಿ."

"ಇನ್ನೂ ಬಿಟ್ಟಾ ಇಲ್ಲಲ್ಲ ದೊಡ್ಡವ್ವ?"

"ಮುಟ್ತೀವಲ್ಲ. ಮುಟ್ಟೀವಿ, ಮುಟ್ತೀವಿ, ಒಂದು ಒತ್ತಕ್ಷರದ ಫರಕು."

ಸಂದೇಶ ಹೋಯಿತು. ಹೊರಡುವ ಮೊದಲೇ ತಲುಪಿಬಿಟ್ಟ ಆ ಹೆಂಗಸರು, ತಾವು ಎಲ್ಲಿದ್ದೇವೆಂದು ತಮಗೇ ನಗು ಬಂದು, ಬಾಯಿಗೆ ಸೆರಗು ಒತ್ತಿಕೊಂಡು ಕೂತರು. ನೀಲಗಂಗಮ್ಮ ಮಾತ್ರ ಗಾಜಿನಾಚೆಯ ಆಕಾಶವನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಇಳಿದ ಮೇಲೆ ಅಲ್ಲಿ ಒಂದು ಚುಕ್ಕಿ ಕಾಣಿಸಿತು. ಚುಕ್ಕಿಗೆ ರೆಕ್ಕೆ ಬಂತು. "ಬಂತು, ನೋಡ್ರೆ, ಬಂತು," ಎನ್ನುತ್ತ ಅವಳು ಗಂಗಾಂಬಿಕಾಳ ರಟ್ಟೆ ಹಿಡಿದು ಎಬ್ಬಿಸಿದಳು.

ಮೆಟ್ಟಿಲು ಹತ್ತುವಾಗ ಅವಳೇ ಎಲ್ಲರಿಗಿಂತ ಮುಂದೆ ಇದ್ದಳು. ವಿಮಾನ ಓಡಿ, ಮೂತಿ ಎತ್ತಿ, ನೆಲ ಬಿಟ್ಟಿತು. ವಾಂತಿ ಬರಲಿಲ್ಲ, ನಗು ಬಂತು, ಕಣ್ಣಲ್ಲಿ ನೀರೂ ಬಂತು. ಉಕ್ಕಿನ ಕಾರ್ಖಾನೆಯ ಹೊಗೆ, ಸಂಡೂರಿನ ಗುಡ್ಡ ಸರಿದುಹೋದವು. ವಿಮಾನ ಒಂದು ಸುತ್ತು ಹೊರಳಿದಾಗ ದೂರದಲ್ಲಿ ಹಸಿರು ಗದ್ದೆಗಳು, ಹೊಳೆಯ ಬೆಳ್ಳನೆಯ ತಿರುವು ಕಂಡವು. ಕಂಪ್ಲಿ ಅದೇ ಇರಬೇಕು. ಗಾಜಿಗೆ ಹಣೆ ಹಚ್ಚಿ ಮಿಲ್ಲಿನ ಮಾಳಿಗೆ ಹುಡುಕಿದಳು. ಸಿಗುವ ಮೊದಲೇ ಮೋಡ ಅಡ್ಡ ಬಂತು.

ಹೈದರಾಬಾದಿನಲ್ಲಿ ಇಳಿದು, ಕಾಲು ನೆಲಕ್ಕೆ ಮುಟ್ಟಿದ ಮೇಲೆ ಫೋನ್ ಹಚ್ಚಿದಳು.

"ಊಟ ಆತೇನು?" ಎಂದ ತೋಟಪ್ಪ.

"ಆತು. ನಿಮ್ದು?"

"ಆತು. ಮಂದಿ ಭಾಳ ನಕ್ರು ಇಲ್ಲಿ. ನಗಲಿ ಬಿಡು." ಆಮೇಲೆ ಹೇಳಿದ, "ಈಗ ಸಂಜಿಮುಂದ ಇನ್ನೊಂದು ವಿಮಾನ ಹೋತು ನೋಡು. ಅದಕ್ಕೂ ಟವೆಲ್ ಬೀಸಿದೆ."

"ಅದಕ್ಯಾಕ್ರೀ?"

"ಯಾರದೋ ಮನಿ ಹೆಣ್ಮಗಳು ಇರ್ತಾಳ ಅದರಾಗ. ಮೊದಲ್ನೇ ಸಲ ಹತ್ತಿರ್ತಾಳ. ಕೆಳಗ ನೋಡಿದ್ರ ಒಬ್ಬರಾದ್ರೂ ಕಾಣ್ಲಿ ಅಂತ."

ನೀಲಗಂಗಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. "ಇದ್ಳು ರೀ," ಎಂದಳು. "ಕೆಳಗ ನೋಡಿಕೋತನಾ ಇದ್ಳು."