ಕಲ್ಲಿಗೆ ಹೊಲಿದ ಕುಲಾಯಿ

ಕುಲಾಯಿ ಒಂದು ಬೆರಳಷ್ಟು ಎಡಕ್ಕೆ ವಾಲಿದೆ, ನಾಟಕದ ಮೂರನೇ ಸಾಲಿನಲ್ಲಿ ಕೂತ ನನಗೂ ಕಾಣುತ್ತದೆ, ಕಲ್ಲಿಗೆ ಕಿವಿಯಿಲ್ಲ, ಟೊಪ್ಪಿಗೆ ನಿಲ್ಲುವುದಾದರೂ ಎಲ್ಲಿ — ಇಪ್ಪತ್ತೆರಡು ವರ್ಷದಿಂದ ಅಥಣಿ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು ಈ ಸಬೀರಾ, ಯಾರ್ಯಾರದೋ ಅಳತೆ ತೆಗೆದಿದ್ದೇನೆ, ರುಬ್ಬುವ ಗುಂಡಕಲ್ಲಿನ ತಲೆಗೆ ಟೇಪು ಸುತ್ತಿದ್ದು ಇದೇ ಮೊದಲು, ಹದಿನಾಲ್ಕು ಇಂಚು, ಆಗಷ್ಟೇ ಹುಟ್ಟಿದ ಕೂಸಿನಷ್ಟೇ, ಮಗಳು ಸೈಮಾ ನಕ್ಕು ನಕ್ಕು ಸಾಕಾಗಿದ್ದಳು, ಅಮ್ಮಿ, ಇದಕ್ಕ ಚಡ್ಡಿನೂ ಹೊಲಿತೀಯೇನ ಬೇ. ಈಗ ನನ್ನ ಪಕ್ಕದಲ್ಲೇ ಮೊಬೈಲು ಎತ್ತಿ ಹಿಡಿದು ಕೂತಿದ್ದಾಳೆ, ವಿಜಯಪುರದ ಜನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಜೋಗುಳ ಕೇಳಲು ಹೀಗೆ ನೆರೆಯುತ್ತಾರೆಂದು ಯಾರಿಗೆ ಗೊತ್ತಿತ್ತು, ಹಾಡೂ ಕಥೆಯೂ ಬೆರೆತ ನಾಟಕವಂತೆ, ಮೂವರು ಮುದುಕಿಯರು, ಒಂದು ತೊಟ್ಟಿಲು, ಒಂದು ಹಾರ್ಮೋನಿಯಂ, ಈಗ ಮೂರನೆಯವಳ ಸರದಿ — ಪೀರಾಂಬಿ, ನನ್ನನ್ನು ಹೆತ್ತವಳು, ನಾನು ಮಾತು ಕಲಿತಾಗಿನಿಂದ ಚಾಚಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಬಂದವಳು. ಬಬಲೇಶ್ವರದ ನಮ್ಮ ಪಕ್ಕದ ಮನೆಯ ಗುರುಸಿದ್ದವ್ವನಿಗೆ ಅವ್ವ ಎನ್ನಬೇಕು, ಹೆತ್ತವಳಿಗೆ ಚಾಚಿ ಎನ್ನಬೇಕು, ಯಾಕೆಂದು ಕೇಳಿದರೆ ರೂಢಿ ಐತಿ, ಸುಮ್ನಿರ. ರೂಢಿ ಎಂದರೆ ಬಾಗಿಲು ಹಾಕಿದ ಹಾಗೆ, ಮುಂದೆ ಕೇಳುವಂತಿಲ್ಲ.

ನಾಟಕ ಮಾಡಿಸುವ ವಿದ್ಯಾವತಿ ಮೇಡಮ್ ತಾಲೀಮಿನಲ್ಲಿ ತೊಟ್ಟಿಲನ್ನು ಖಾಲಿ ಬಿಟ್ಟಿದ್ದರಂತೆ, ಚಾಚಿ ಹಗ್ಗವನ್ನೇ ಮುಟ್ಟಲಿಲ್ಲ, ಖಾಲಿ ತೊಟ್ಟಿಲಾ ತೂಗಬಾರದ್ರಿ ಬಾಯಾರ, ಪ್ಲಾಸ್ಟಿಕ್ ಗೊಂಬೆ ಇಟ್ಟರೆ ಅದನ್ನೂ ಎತ್ತಿ ಬದಿಗೆ ಸರಿಸಿದಳು, ಗುಂಡಕಲ್ಲ ತರ್ರಿ, ಕಲ್ಲಿಗಾದ್ರ ಹಾಡ್ತೀನಿ. ಹೆಸರಿಡುವ ದಿನ ಕೂಸಿಗಿಂತ ಮೊದಲು ಕಲ್ಲನ್ನು ತೊಟ್ಟಿಲಿಗೆ ಹಾಕುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ, ಆದರೆ ಒಂದು ಗಳಿಗೆ ಮಲಗಿಸಿ ತೆಗೆದುಬಿಡುತ್ತಾರೆ, ಕಲ್ಲಿಗೆ ಕೂತು ಪೂರಾ ಹಾಡು ಹಾಡುವವರನ್ನು ನಾನಂತೂ ಕಂಡಿಲ್ಲ — ಮತ್ತು ಇವಳು ಹಾಡದ ತೊಟ್ಟಿಲಾದರೂ ಎಲ್ಲಿದೆ, ಜೈನಾಪುರ, ತಿಕೋಟಾ, ಅರಕೇರಿ, ಎಲ್ಲಿ ಕೂಸು ಹುಟ್ಟಿದರೂ ಪೀರಾಂಬಿನ್ನ ಕರೀರಿ, ಬಸಗೊಂಡಪ್ಪ ಗೌಡರ ಮೊಮ್ಮಕ್ಕಳಿಗೆ ಹಾಡಿದಳು, ನನ್ನ ಸೈಮಾಳಿಗೂ ಹಾಡಿದಳು, ನನಗೆ ಮಾತ್ರ ಹಾಡಿಲ್ಲ, ಒಂದು ದಿನವೂ ಇಲ್ಲ, ಅದನ್ನು ಅವಳೇ ಹೇಳಿದ್ದು. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ, ನಲವತ್ತೊಂದು ತುಂಬಿದರೂ ಉರಿಯುತ್ತದೆ. ಹೋದ ವಾರ ಕೇಳಿಯೇಬಿಟ್ಟೆ, ನನಗ್ಯಾಕ ಹಾಡಲಿಲ್ಲ ಚಾಚಿ, ಹೆಣ್ಣಂತನಾ, ಕರಿ ಅದೀನಂತನಾ — ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ, ನಾಟಕಕ್ಕ ಬಾ, ಹೇಳ್ತೀನಿ, ಮನ್ಯಾಗ ಬಾಯಿ ಬರೂದಿಲ್ಲ. ಮನೆಯಲ್ಲಿ ಬಾರದ ಬಾಯಿ ಮುನ್ನೂರು ಜನರೆದುರು ಹೇಗೆ ಬಂದೀತು, ಅದೇ ತಲೆಯಲ್ಲಿ ಕೊರೆದು ಕೊರೆದು ಈ ವಾರ ಒಂದು ಜಂಪರಿನ ತೋಳೂ ನೆಟ್ಟಗೆ ಕೂಡಿಸಲಿಲ್ಲ.

ಚಾಚಿ ಈಗ ತೊಟ್ಟಿಲ ಹಗ್ಗ ಎಳೆದಳು, ಅಳಬ್ಯಾಡ ನನ ಕೂಸ, ಅರಕೇರಿ ದಾರ್ಯಾಗ ಗಾಡಿ ಬರತೈತಿ — ದನಿ ಒಡೆದಿದೆ, ಒಡೆದರೂ ಬಿಗಿಯಾಗಿದೆ, ಇದನ್ನೇ ಊರಿಗೆಲ್ಲ ಹಂಚಿದೆಯಲ್ಲ ಮುದುಕಿ, ನನ್ನ ಪಾಲು ಎಲ್ಲಿ — ಅರೆ, ಆ ಕಾಲು ಏನು ಮಾಡುತ್ತಿದೆ, ಮಣೆಯ ಮೇಲೆ ಕೂತವಳ ಬಲಗಾಲು ತೊಟ್ಟಿಲ ಕೆಳಗೆ ಚಾಚಿಕೊಂಡಿದೆ, ಎರಡು ಸಲ ಒತ್ತುತ್ತದೆ, ಒಂದು ಸಲ ಸವರುತ್ತದೆ, ತಾಳ ಅನ್ನೋಣವೆಂದರೆ ಹಾಡಿಗೂ ಅದಕ್ಕೂ ಹೊಂದಿಕೆಯಿಲ್ಲ, ಮೊಣಕಾಲು ನೋವೇನೋ, ಸೈಮಾ, ನಾನಿ ಕಾಲ ಯಾಕ ಹಂಗ ಮಾಡಾಕತ್ತಾಳ ನೋಡ, ಸುಮ್ನಿರ ಅಮ್ಮಿ, ವಿಡಿಯೋದಾಗ ನಿನ್ನ ದನಿ ಬರತೈತಿ. ಹಾಡು ನಿಂತಿತು, ಕಥೆ ಶುರುವಾಯಿತು, ಹಗ್ಗ ಕೈಯಲ್ಲೇ ಇದೆ, ಒಬ್ಬಾಕಿ ಇದ್ದಳ್ರಿ ನಮ್ಮೂರಾಗ, ಎರಡು ಕೂಸು ಹಡದ್ಲು, ಎರಡೂ ನಲವತ್ತು ದಿನಾ ಕಾಣಲಿಲ್ಲ — ಎರಡಾ, ನನಗಿಂತ ಮೊದಲು ಎರಡು ಕೂಸಾ, ಯಾರೂ ಹೇಳಲಿಲ್ಲವಲ್ಲ — ಮೂರನೇದು ಹುಟ್ಟಿದ ದಿನಾ ಬಾಜೂ ಮನಿಯಾಕಿ ಬಂದ್ಲು, ಇದನ್ನ ನನಗ ಮಾರ ಬೇ, ಸೇರು ಜ್ವಾಳಾ ಕೊಡ್ತೀನಿ, ನಾಳೆಯಿಂದ ನೀ ಇದರ ತಾಯಿ ಅಲ್ಲ, ಸಾವು ಬಂದ್ರ ನಿನ್ನ ಕೂಸು ಹುಡುಕತೈತಿ, ನನ್ನ ಕೂಸಿನ ಗೊಡವಿಗಿ ಬರೂದಿಲ್ಲ, ತೊಟ್ಟಿಲಾಗ ಕಲ್ಲು ಮಲಗಸು, ಕಲ್ಲಿಗೇ ಹಾಡು, ಒಯ್ಯೂದಾದ್ರ ಕಲ್ಲು ಒಯ್ಯಲಿ. ಗುರುಸಿದ್ದವ್ವ, ನೀ ಸೇರು ಜ್ವಾಳಕ್ಕ ಬಂದಾಕಿ ಎಂದು ಕೆನ್ನೆ ಹಿಂಡುತ್ತಿದ್ದೆಯಲ್ಲ, ಚೇಷ್ಟೆ ಅಂದುಕೊಂಡಿದ್ದೆ.

ಹಾರ್ಮೋನಿಯಂ ಸುಮ್ಮನಾಗಿದೆ, ಸೈಮಾಳ ಮೊಬೈಲು ತೊಡೆಗಿಳಿದಿದೆ, ಚಾಚಿ ಹೇಳುತ್ತಿದ್ದಾಳೆ, ಒಂದ ವರ್ಷ ಪೂರಾ ಕಲ್ಲಿಗೆ ಹಾಡಿದ್ಲು ನೋಡ್ರಿ, ಮತ್ತ ಖರೇ ಕೂಸ ಎಲ್ಲಿತ್ತು ಅಂತೀರಿ, ತೊಟ್ಟಿಲ ಕೆಳಗ, ಜ್ವಾಳಾ ಕೇರೂ ಮರದಾಗ, ಬೋರಲ ಮಲಗಿತ್ತು, ಕೈಲೆ ಮುಟ್ಟಿದ್ರ ತಾಯಿ ಅಂತ ಸಾವಿಗಿ ಗೊತ್ತಾಗತೈತಲ್ಲ, ಕೈ ಮ್ಯಾಲೇ ಇರಬೇಕು, ಕಣ್ಣೂ ಮ್ಯಾಲೇ ಇರಬೇಕು — ಬಾಯಿ ನಿಂತಿತು, ಹಗ್ಗ ಬಿಟ್ಟಳು, ತೊಟ್ಟಿಲೂ ನಿಂತಿತು, ಕಾಲು ನಿಂತಿಲ್ಲ, ಬರಿ ಹಲಗೆಯ ಮೇಲೆ ಎರಡು ಸಲ ಒತ್ತುತ್ತದೆ, ಒಂದು ಸಲ ಸವರುತ್ತದೆ, ಎರಡು ಸಲ ಒತ್ತುತ್ತದೆ, ಒಂದು ಸಲ ಸವರುತ್ತದೆ, ನನ್ನ ಬೆನ್ನಿಗೆ ಗೊತ್ತು, ಆ ಕಾಲು —