ಪಟ್ಟಿಯಲ್ಲಿಲ್ಲದ ಸಂತೆ

ಊರಿನಲ್ಲಿ ಆರು ಕ್ರಿಸ್‌ಮಸ್ ಸಂತೆಗಳು. ನನ್ನ ಹೊಲಿಗೆ ಅಂಗಡಿಗೆ ರಜೆ ಭಾನುವಾರ ಮಾತ್ರ, ನನ್ನ ಮಂಡಿಗೆ ಮೂರಕ್ಕಿಂತ ಹೆಚ್ಚು ಸಂತೆ ಸುತ್ತುವ ತಾಕತ್ತಿಲ್ಲ. ಹಾಗಾಗಿ ನಮ್ಮ ಯಜಮಾನರು ಬೆಳಿಗ್ಗೆಯೇ ಕಾಫಿ ಲೋಟದ ಪಕ್ಕ ಕಾಗದ ಇಟ್ಟುಕೊಂಡು ಮೂರನ್ನು ಆರಿಸಿದರು: ದೊಡ್ಡ ಚೌಕದ್ದು, ನದಿ ದಂಡೆಯದ್ದು, ರೈಲು ನಿಲ್ದಾಣದ ಮುಂದಿನದು. ಚರ್ಚಿನ ಹಿಂದಿನ ಗಲ್ಲಿಯದ್ದು ಪಟ್ಟಿಯಲ್ಲಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ಆ ಗಲ್ಲಿಯ ಮಳಿಗೆಗಳಿಗೆ ದೀಪದ ತಂತಿ ಎಳೆದ ಎಲೆಕ್ಟ್ರಿಷಿಯನ್ ಇವರೇ. ಇನ್ನು ಏಣಿ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಈ ವರ್ಷ ಕೆಲಸವನ್ನೆಲ್ಲ ಮಗಳೊಬ್ಬಳೇ ಮಾಡಿದ್ದಳು. "ಅಪ್ಪ, ಭಾನುವಾರ ಬರ್ತೀಯಲ್ಲ?" ಎಂದು ಬಾಗಿಲಲ್ಲಿ ನಿಂತು ಕೇಳಿಯೂ ಇದ್ದಳು. ಇವರು "ನೋಡೋಣ" ಎಂದಿದ್ದರು.

"ಯಾಕ್ರೀ ಅದನ್ನ ಬಿಟ್ರಿ?" ಎಂದೆ.

ಇವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. "ತಪ್ಪು ಕಂಡ್ರೆ ಸುಮ್ನಿರೋಕೆ ನನ್ನ ಕೈಲಾಗಲ್ಲ ಕಣೇ. ಹೇಳಿದ್ರೆ ಅವಳ ಮನಸ್ಸು ಮುರಿಯುತ್ತೆ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಗಾದೆ ಇವರ ಹತ್ತಿರ ನಡೆಯುವುದಿಲ್ಲ. ಆದರೆ ಮಗಳಿಗೆ ಬೇಕಿದ್ದದ್ದು ಅಪ್ಪನದೇ ಒಂದು ಮಾತು. ಊರೆಲ್ಲ ಹೊಗಳಿದರೂ ಅವಳ ಹೊಟ್ಟೆ ತುಂಬುವುದಿಲ್ಲ. ನಾನು ಪೆನ್ನು ಕಿತ್ತುಕೊಂಡು ಮೂರು ಸಂತೆಗಳನ್ನೂ ಹೊಡೆದುಹಾಕಿದೆ.

ಸಂಜೆ ಐದಕ್ಕೆ ಗಲ್ಲಿಯ ದೀಪಗಳು ಹತ್ತಿದವು. ಜನ ಗಾಜಿನ ಗಂಟೆ, ಮರದ ಕುದುರೆ ನೋಡುತ್ತ ನಿಂತರೆ ನಮ್ಮವರು ಮಳಿಗೆಗಳ ಹಿಂದೆ ನುಗ್ಗಿದರು. ಹೊರಗಿನಿಂದ ಬರುವ ತಂತಿ ಮಳಿಗೆಯ ಕರೆಂಟಿನ ಪೆಟ್ಟಿಗೆಯನ್ನು ಸೇರುವ ಮೊದಲು ಒಂದು ಗೇಣು ಜೋತುಬಿದ್ದು ಮೇಲೇರಬೇಕು. ಮಳೆನೀರು ಆ ಜೋಲಿನಿಂದ ನೆಲಕ್ಕೆ ತೊಟ್ಟಿಕ್ಕಬೇಕೇ ಹೊರತು ಪೆಟ್ಟಿಗೆಯೊಳಗೆ ಇಳಿಯಬಾರದು. ಮಗಳಿಗೆ ಇವರು ಕಲಿಸಿದ ಮೊದಲ ಪಾಠ ಅದು. ಹದಿನೆಂಟು ಮಳಿಗೆ, ಹದಿನೆಂಟು ಜೋಲು, ಎಲ್ಲವೂ ಅಳೆದಿಟ್ಟ ಹಾಗೆ. ನಾನೂ ಹೊಲಿಗೆಯವಳು, ಅಚ್ಚುಕಟ್ಟು ಕೆಲಸ ನನ್ನ ಕಣ್ಣಿಗೂ ಗೊತ್ತಾಗುತ್ತದೆ. ಎಂಥ ಮಗಳನ್ನು ಹೆತ್ತೆನಪ್ಪಾ ಎಂದು ಎದೆ ಉಬ್ಬಿತು. ಇವರು ಮಾತ್ರ ಒಂದೊಂದನ್ನೂ ಗೇಣು ಹಾಕಿ ಅಳೆಯುತ್ತ ಮುಂದೆ ನಡೆದರು.

ಕೊನೆಯ ಮಳಿಗೆ ಮೇಣದಬತ್ತಿ ಮಾರುವ ಅಜ್ಜಿಯದು. ಅಜ್ಜಿ ತುಂಬ ಗಿಡ್ಡ. ಮಕ್ಕಳ ಕೈಗೆ ಸಿಗಬಾರದೆಂದು ಇವರು ಸ್ವಿಚ್ಚನ್ನು ಯಾವಾಗಲೂ ಎತ್ತರದಲ್ಲೇ ಹಾಕುತ್ತಿದ್ದರು. ಪಾಪ, ಆಕೆ ದಿನಾ ಸ್ಟೂಲ್ ಹತ್ತುತ್ತಿದ್ದಳು. ಸ್ವಿಚ್ಚು ಈಗಲೂ ಅಲ್ಲೇ ಇತ್ತು, ಆದರೆ ಅದರಿಂದ ಒಂದು ದಾರ ಒಳಬದಿಯಲ್ಲಿ ಅಜ್ಜಿಯ ಭುಜದ ಮಟ್ಟಕ್ಕೆ ಇಳಿದಿತ್ತು. ಇವರು ಎಳೆದರು. ದೀಪ ಆರಿತು. ಮತ್ತೆ ಎಳೆದರು, ಹತ್ತಿತು. ಇನ್ನೊಮ್ಮೆ ಎಳೆದರು.

"ಏನಪ್ಪಾ, ಆಟ ಆಡ್ತಿದೀಯಾ? ಗಿರಾಕಿಗಳು ನಿಂತಿದಾರೆ!" ಎಂದು ಅಜ್ಜಿ ಕತ್ತಲಲ್ಲೇ ಗದರಿದಳು.

ದೀಪ ಹೋಗಿ ಬಂದು ಮಾಡುವುದನ್ನು ಕಂಡು ಗಲ್ಲಿಯ ಆ ತುದಿಯಿಂದ ಮಗಳು ಓಡಿಬಂದಳು. ನಮ್ಮನ್ನು ನೋಡಿ ನಿಂತುಬಿಟ್ಟಳು. "ಅಪ್ಪ... ಏನಾದ್ರೂ ತಪ್ಪಾಗಿದೆಯಾ?"

"ಆಗಿದೆ" ಎಂದರು. ನಾನು ಇವರ ತೋಳು ಹಿಡಿದು ಜಗ್ಗಿದೆ.

"ನಂದು" ಎಂದರು, ದಾರ ಬಿಡದೆ. "ಇಪ್ಪತ್ತಾರು ವರ್ಷ ಈಯಮ್ಮನ್ನ ಸ್ಟೂಲ್ ಹತ್ತಿಸಿದೀನಿ. ಒಂದು ದಾರ ಕಟ್ಬೇಕು ಅಂತ ನಂಗೆ ಹೊಳೀಲೇ ಇಲ್ಲ ನೋಡು. ನಿಂಗೆ ಹೊಳೀತು."

ಮಗಳು ಅಪ್ಪನ ಕೈಯ ಮೇಲೆ ತನ್ನ ಕೈಯಿಟ್ಟು, ದಾರ ಎಳೆದು, ಅಜ್ಜಿಗೆ ದೀಪ ಹಾಕಿಕೊಟ್ಟಳು.