ರಾಚಪ್ಪನವರ ಫಿಯಟ್ಟಿಗೆ ಪೂರ್ತಿ ವಿಮೆ

ನಮ್ಮ ಮಾವ ರಾಚಪ್ಪನವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಆದರೂ ಇಳಕಲ್ಲಿನ ನಮ್ಮ ಮನೆಯ ಲೈಟ್ ಬಿಲ್ಲು ಅವರ ಹೆಸರಿಗೇ ಬರುತ್ತದೆ, ನೀರಿನ ಬಿಲ್ಲೂ ಅವರಿಗೇ. ಸೀರೆ ಅಂಗಡಿಯ ಬೋರ್ಡಿನ ಮೇಲಂತೂ ಅವರೇ ಇನ್ನೂ ಮಾಲೀಕರು. ಹೆಸರು ಬದಲಾಯಿಸಿಕೊಳ್ಳಿ ಎಂದು ನಾನು ಒಂದೆರಡು ಸಲ ಹೇಳಿ ನೋಡಿದೆ. "ಅಪ್ಪನ ಹೆಸರು ಹೊಡದ ಹಾಕಾಕ ನಿನಗ ಮನಸರೆ ಹೆಂಗ ಬರ್ತೈತಿ ಶೀಲಾ?" ಎಂದು ನಮ್ಮ ಯಜಮಾನರು ನಾಗಲಿಂಗ ಅವರು ನನ್ನನ್ನು ನೋಡಿದ ನೋಟಕ್ಕೆ, ಆ ಹಿರಿಯರನ್ನು ಕೊಂದವಳು ನಾನೇ ಇರಬೇಕು ಅನ್ನಿಸಿತು. ಅಂದಿನಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ಬಿಲ್ಲುಗಳನ್ನು ಸತ್ತವರೇ ತುಂಬುತ್ತಾರೆ.

ಕಾರೂ ಮಾವನವರ ಹೆಸರಿನಲ್ಲೇ ಇದೆ. 1962ರ ಫಿಯಟ್, ಮಜ್ಜಿಗೆಯ ಬಣ್ಣದ್ದು, ಮುಂದಿನ ಬಾಗಿಲು ಉಲ್ಟಾ ತೆರೆಯುತ್ತದೆ. ಯಜಮಾನರು ಅದನ್ನು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿ, ಏಳು ಇಳಕಲ್ ಸೀರೆಗಳನ್ನು ಕೂಡಿಸಿ ಹೊಲಿಸಿದ ಹೊದಿಕೆ ಹೊದಿಸಿದ್ದಾರೆ. ಒಂದೇ ವರ್ಷದಲ್ಲಿ ನನಗೆ ಏಳು ಸೀರೆ ಬಂದದ್ದು ನೆನಪಿಲ್ಲ. ಹುನಗುಂದದಿಂದ ಮೆಕ್ಯಾನಿಕ್ ಅಬ್ದುಲಸಾಬ ಹದಿನೈದು ದಿನಕ್ಕೊಮ್ಮೆ ಬಂದು ಇಂಜಿನ್ ಚಾಲೂ ಮಾಡಿ, ಐದು ನಿಮಿಷ ಅದರ ದನಿ ಕೇಳಿಸಿ ಹೋಗುತ್ತಾರೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕಾರು ಹೊರಗೆ ಬಂದು ನಾಲ್ಕು ನಿಂಬೆಹಣ್ಣು ತುಳಿದು ಒಳಗೆ ಹೋಗುತ್ತದೆ. ಅಷ್ಟೇ ಅದರ ಪ್ರವಾಸ.

ಈ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಹಳೆ ಕಾರುಗಳ ಹುಚ್ಚಿನವರೊಬ್ಬರು ಬಂದು, ಸೀರೆಯ ಹೊದಿಕೆ ಸರಿಸಿ ನೋಡಿ, "ಇದಕ್ಕೆ ಆರು ಲಕ್ಷಕ್ಕೆ ಕಡಿಮಿ ಇಲ್ಲ ಬಿಡ್ರಿ" ಎಂದು ಹೇಳಿ ಚಹಾ ಕುಡಿದು ಹೋದರು. ಚಹಾ ಕೊಟ್ಟವಳು ನಾನೇ. ಆ ದಿನದಿಂದ ನಮ್ಮವರಿಗೆ ನೆಮ್ಮದಿ ಇಲ್ಲದಾಯಿತು. ಇಷ್ಟು ವರ್ಷ ಶೆಡ್ಡಿನ ಎದುರಿಗೆ ಸಾಧುವಿನಂತೆ ನಿಂತಿದ್ದ ಬೇವಿನ ಮರ ಈಗ ಕಾರಿನ ಮೇಲೆ ಬೀಳಲೆಂದೇ ಬೆಳೆದಂತೆ ಕಾಣತೊಡಗಿತು.

ವಿಮಾ ಏಜೆಂಟ್ ಸೋಮಲಿಂಗನನ್ನು ಕರೆಸಿದರು. ಅವನು ಮೂರು ದಾರಿ ಹೇಳಿದ. ಈಗಿರುವುದು ಕಾಯ್ದೆಗೆ ಬೇಕಾದಷ್ಟು ಮಾತ್ರ. ನಮ್ಮ ಗಾಡಿಯಿಂದ ಬೇರೆಯವರಿಗೆ ಹಾನಿಯಾದರೆ ಅವರಿಗೆ ದುಡ್ಡು. ಎರಡನೆಯದರಲ್ಲಿ ಬೆಂಕಿ, ಕಳವು ಸೇರುತ್ತವೆ. ಮೂರನೆಯದು ಪೂರ್ತಿ ವಿಮೆ: ಗಾಡಿಯ ಬೆಲೆ ಇಷ್ಟೆಂದು ಮೊದಲೇ ಒಪ್ಪಿಕೊಂಡು ಬರೆದು, ಏನಾದರೂ ಆದರೆ ಅಷ್ಟನ್ನೂ ಕೊಡುತ್ತಾರೆ.

"ಮರ ಬಿದ್ದರ?" ಎಂದು ಕೇಳಿದರು ನಮ್ಮವರು.

"ಬರ್ತೈತ್ರಿ ಸಾವ್ಕಾರ್ರ."

"ಮಂಗ್ಯಾ ಬಂದು ವೈಪರ್ ಕಿತ್ತರ?"

ಸೋಮಲಿಂಗ ಪುಸ್ತಕ ತಿರುವಿದ. "ಮಂಗ್ಯಾ ಅಂತ ಬರದಿಲ್ರಿ. ಆದರ ಬರ್ತೈತಿ ಅಂತ ಇಟಗೋರಿ."

"ಹಂಗ ಇಟಗೊಳ್ಳಾಕ ಬರೂದಿಲ್ಲ, ಬರಸ್ಕೊಂಡು ಬಾ" ಎಂದು ಅವನನ್ನು ಅಟ್ಟಿದರು. ಒಂದು ತಿಂಗಳು ಇದೇ ನಡೆಯಿತು. ನನ್ನ ಮೊಣಕಾಲಿನ ಬಗ್ಗೆ ಇಪ್ಪತ್ತೊಂಬತ್ತು ವರ್ಷದಲ್ಲಿ ಕೇಳದಷ್ಟು ಪ್ರಶ್ನೆಗಳನ್ನು ಆ ಗಾಡಿಯ ಬಂಪರಿನ ಬಗ್ಗೆ ಕೇಳಿದರು. ಪೂರ್ತಿ ವಿಮೆಗೆ ಒಂದು ಷರತ್ತಿತ್ತು. ಗಾಡಿ ಬೀಗ ಹಾಕಿದ ಶೆಡ್ಡಿನಲ್ಲೇ ಇರಬೇಕು. ಪ್ರದರ್ಶನಕ್ಕೆ, ರಿಪೇರಿಗೆ ಬಿಟ್ಟರೆ ಮನೆಯ ಕೆಲಸಕ್ಕೆ ಹೊರಗೆ ತೆಗೆಯಬಾರದು. ಅದನ್ನು ಓದಿ ಯಜಮಾನರ ಮುಖ ಅರಳಿತು. ಜಗತ್ತಿನಲ್ಲಿ ತಮ್ಮಂತೆಯೇ ಯೋಚಿಸುವ ಒಂದು ಕಂಪನಿ ಇದೆ ಎಂದು ಅವರಿಗೆ ಅಂದು ಗೊತ್ತಾಯಿತು.

ತೊಡಕು ಬಂದದ್ದು ಹೆಸರಿನಿಂದ. "ಪೂರ್ತಿ ವಿಮಾ ಸತ್ತವರಿಗೆ ಕೊಡೂದಿಲ್ರಿ. ಮೊದಲ ಗಾಡಿ ನಿಮ್ಮ ಹೆಸರಿಗೆ ಆಗಬೇಕು. ಅದಕ್ಕ ವಾರಸುದಾರರು ಬಾಗಲಕೋಟಿ ಆರ್‌ಟಿಓ ಆಫೀಸಿಗೆ ಬಂದು ಸಹಿ ಮಾಡಬೇಕು" ಎಂದ ಸೋಮಲಿಂಗ.

ವಾರಸುದಾರರೆಂದರೆ ಇನ್ನೊಬ್ಬರೇ, ಬಾದಾಮಿಗೆ ಕೊಟ್ಟ ಇವರ ಅಕ್ಕ ಸಿದ್ದವ್ವ. ಅವರು ನಮ್ಮ ಮನೆಗೆ ಬಂದು ಹತ್ತೊಂಬತ್ತು ವರ್ಷ. ಮಾವನವರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ನಮ್ಮಲ್ಲಿಯ ರೂಢಿಯಂತೆ ಮಗಳಿಗೆ ಒಂದು ಸೀರೆ, ಕುಬಸ ಕೊಟ್ಟು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಮರೋಳದ ಹೊಲ, ಮನೆ, ಅಂಗಡಿ ಎಲ್ಲ ಅದರಲ್ಲಿ ಬಂತು. ಕಾರನ್ನು ಬರೆಯಲು ಮಾತ್ರ ಮರೆತೆವು. ಮುಂದೆ ಮರೋಳಕ್ಕೆ ನೀರಾವರಿ ಬಂದು ಹೊಲದ ಬೆಲೆ ಏರಿದಾಗ, ಅಕ್ಕ ಬರದಿರುವುದು ಆ ಸಿಟ್ಟಿಗೇ ಎಂದು ಇವರು ತೀರ್ಮಾನಿಸಿಬಿಟ್ಟರು. ಕೇಳಲು ಯಾರೂ ಹೋಗಲಿಲ್ಲ.

ಸೋಮಲಿಂಗನಿಗೆ ಕೊಡಲೆಂದು ಟ್ರಂಕಿನಿಂದ ಹಳೆಯ ಕಾಗದ ತೆಗೆದಾಗ ಮಾವನವರ ಕೈಬರಹದ ವಿಮೆಯ ಅರ್ಜಿ ಸಿಕ್ಕಿತು. ಈಗಲೂ ನಡೆಯುತ್ತಿರುವ, ಕಾಯ್ದೆಗೆ ಬೇಕಾದಷ್ಟರ ಆ ಸಣ್ಣ ವಿಮೆಯಲ್ಲೇ ಇನ್ನೊಂದು ಭಾಗವಿದೆ: ಮಾಲೀಕರು ಗಾಡಿ ಓಡಿಸುವಾಗ ಅಪಘಾತದಲ್ಲಿ ಸತ್ತರೆ ನಾಮಿನಿಗೆ ಹಣ. ನಾಮಿನಿಯ ಜಾಗದಲ್ಲಿ ಮಾವನವರು 'ಸಿದ್ದವ್ವ, ಮಗಳು' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಅಂದರೆ ನಮ್ಮವರು ಹತ್ತೊಂಬತ್ತು ವರ್ಷ, ತೀರಿಹೋದ ತಂದೆ ಎಲ್ಲಿ ಅಪಘಾತದಲ್ಲಿ ಸಾಯುತ್ತಾರೋ ಎಂದು, ಮಾತಿಲ್ಲದ ಅಕ್ಕನ ಪರವಾಗಿ, ತಪ್ಪದೆ ಕಂತು ತುಂಬಿದ್ದರು.

ಅವರು ಅದನ್ನು ಓದಿ ಮಡಚಿದರು. "ಅಕ್ಕಗ ಹೇಳಬ್ಯಾಡ. ಮತ್ತ ಹೊಲದ ಮಾತು ತಗೀತಾಳ."

ನನಗೆ ಸಿಟ್ಟು ಬಂತು. ಮಗಳ ಹೆಸರನ್ನು ತಂದೆ ಒಂದೇ ಒಂದು ಕಡೆ ಬರೆದಿದ್ದಾನೆ, ಅದನ್ನೂ ಮುಚ್ಚಿಡಬೇಕೇ? ಕಾಗದವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಬಾದಾಮಿಗೆ ಬಸ್ಸಿನಲ್ಲಿ ಹೋದೆವು. ಪೂರ್ತಿ ವಿಮೆ ಆಗುವತನಕ ಕಾರು ಹೊರಗೆ ತೆಗೆಯುವ ಮಾತೇ ಇರಲಿಲ್ಲ. ಅಂಗಡಿಯಿಂದ ಒಂದು ಒಳ್ಳೆಯ, ಕೆಂಪು ಸೆರಗಿನಲ್ಲಿ ಬಿಳಿ ತೆನೆ ನೇಯ್ದ ಟೋಪ ತೆನಿ ಸೀರೆ ಆರಿಸಿಕೊಂಡಿದ್ದರು. ಸಿದ್ದವ್ವಕ್ಕ ನೀರು ಕೊಟ್ಟರು, ಚಹಾ ಕೊಟ್ಟರು, ಸೀರೆ ನೋಡಿ ನಕ್ಕರು.

"ಆವತ್ತ ಒಂದ ಸೀರಿ ಕೊಟ್ಟು ಹೊಲಾ ಮನಿ ಬರಸ್ಕೊಂಡಿ. ಈ ಸೀರಿಗೆ ಏನ ಬರಸ್ಕೊಳ್ಳಾಕ ಬಂದಿ, ತಮ್ಮಾ?"

ನಮ್ಮವರು ನೆಲ ನೋಡುತ್ತ ಕಾರಿನ ವಿಷಯ ಹೇಳಿದರು. "ಹೊಲದ ಸಿಟ್ಟು ಇದ್ದರ ಅದನ್ನ ಬ್ಯಾರೆ ಮಾತಾಡೂಣು" ಎಂದೂ ಸೇರಿಸಿದರು.

"ಹೊಲದ ಸಿಟ್ಟು ಅಂತ ನಿನಗ ಯಾರು ಹೇಳಿದರು?" ಅಕ್ಕನ ದನಿ ಏರಿತು. "ಅಪ್ಪ ಇರೂತನಕ ಪ್ರತಿ ಪಂಚಮಿಗೆ ಅದ ಗಾಡ್ಯಾಗ ನನ್ನ ಕರ್ಯಾಕ ಬರ್ತಿದ್ದ. ಆವತ್ತ ಸಹಿ ಮಾಡಿ, ಸಂಜಿಮುಂದ ಗಾಡ್ಯಾಗ ಊರಿಗೆ ಬಿಡು ಅಂದೆ. ಟಾಯರ್ ಸವೀತಾವು ಅಂದಿ. ನನ್ನ ಚೀಲ ತಗೊಂಡು ಬಸ್ ಸ್ಟ್ಯಾಂಡಿನ ತನಕ ನಡಕೋತ ಹೋದೆ. ಅಪ್ಪ ಸತ್ತು ಹನ್ನೊಂದು ದಿನಾ ಆಗಿತ್ತು."

ಇವರಿಗೆ ಅದು ನೆನಪೇ ಇರಲಿಲ್ಲ. ನನಗಿತ್ತು. ನಾನೂ ಅಂದು ಬಾಗಿಲಲ್ಲಿ ನಿಂತು ಸುಮ್ಮನಿದ್ದವಳು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

"ಸೀರಿ ಇಲ್ಲೇ ಇಟ್ಟು ಹೋಗು. ಸಹಿ ಮಾಡ್ತೇನಿ, ಆದರ ಗಾಡಿ ತಗೊಂಡು ಬಂದು ನನ್ನ ಬಾಗಲಕೋಟಿಗೆ ಕರಕೊಂಡ ಹೋಗಬೇಕು. ಗಾಡಿ ಇಲ್ಲ ಅಂದರ ಸಹಿ ಇಲ್ಲ."

ಬಸ್ಸಿನಲ್ಲಿ ಹುನಗುಂದ ದಾಟುವವರೆಗೂ ಇವರು ಬೆರಳು ಮಡಚಿ ಲೆಕ್ಕ ಹಾಕಿದರು. ವಿಮೆ ಆಗದೆ ಗಾಡಿ ಹೊರಗೆ ತೆಗೆಯುವಂತಿಲ್ಲ, ಗಾಡಿ ಹೊರಗೆ ತೆಗೆಯದೆ ಸಹಿ ಇಲ್ಲ, ಸಹಿ ಇಲ್ಲದೆ ವಿಮೆ ಇಲ್ಲ. ಒಂದೇ ದಿನದ ಮಟ್ಟಿಗೆ ಪೂರ್ತಿ ವಿಮೆ ಸಿಗುತ್ತದೆಯೇ ಎಂದು ಸೋಮಲಿಂಗನಿಗೆ ಫೋನ್ ಮಾಡಿ ಕೇಳಿದರು. ಅವನು ನಕ್ಕದ್ದು ನನಗೂ ಕೇಳಿಸಿತು. ಅಬ್ದುಲಸಾಬರನ್ನು ಕೇಳಿದರೆ, "ಅಣ್ಣಾರ, ಗಾಡಿ ನಿಂತು ನಿಂತು ಸಾಯಾಕತ್ತೈತಿ. ಓಡಿಸಿದರ ಏನೂ ಆಗೂದಿಲ್ಲ" ಎಂದರು.

ನಾಲ್ಕು ದಿನ ಕಾರಿನ ಸುತ್ತ ಸುತ್ತಿದರು. ಐದನೆಯ ದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ನಿಂಬೆಹಣ್ಣು ಕಟ್ಟಿ, "ಶೀಲಾ, ಕುಂಡ್ರು" ಎಂದರು. ಆರು ಲಕ್ಷದ ಗಾಡಿ, ತನ್ನ ಮಟ್ಟಿಗೆ ಮೂರು ಕಾಸಿನ ವಿಮೆಯೂ ಇಲ್ಲದೆ, ಲಾರಿಗಳ ನಡುವೆ ಹೊರಟಿತು. ಇವರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದದ್ದು ನೋಡಿದರೆ ಗಾಡಿಯನ್ನು ಹೊತ್ತುಕೊಂಡೇ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಬಾದಾಮಿಯವರೆಗೆ ಏನೂ ಆಗಲಿಲ್ಲ. ಅಕ್ಕನ ಮನೆಯ ಮುಂದೆ ನಿಲ್ಲಿಸಿ ಬಾಗಿಲು ತೆರೆಯುವುದರೊಳಗೆ ಮಂಗವೊಂದು ಬಾನೆಟ್ಟಿನ ಮೇಲೆ ಕುಳಿತು, ಡ್ರೈವರ್ ಬದಿಯ ವೈಪರ್ ಕಿತ್ತುಕೊಂಡು ಮಾಳಿಗೆ ಏರಿತು. ಒಂದು ತಿಂಗಳು ಕಾದಿದ್ದ ಅಪಘಾತ ಕಣ್ಣೆದುರೇ ನಡೆದುಹೋಯಿತು. ಇವರು ಬಾಯಿ ತೆರೆದು ಮೇಲೆ ನೋಡುತ್ತ ನಿಂತರು. ಸಿದ್ದವ್ವಕ್ಕ ಹೊಸ ಸೀರೆ ಉಟ್ಟು, ರೊಟ್ಟಿಯ ಗಂಟು ಹಿಡಿದು ಬಂದವರೇ ಮುಂದಿನ ಸೀಟಿನಲ್ಲಿ ಕುಳಿತು, "ಏನ ನೋಡ್ತಿ? ಅಪ್ಪನ ಕಾಲದಾಗೂ ಕಿತ್ತಿದ್ದವು. ನಡಿ" ಎಂದರು. ನಾನು ಹಿಂದೆ ಕುಳಿತೆ.

ದಾರಿಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಇವರಿಗೆ ಗಾಜಿನಾಚೆ ಏನೂ ಕಾಣದು. ಎರಡು ಮೈಲಿಗೊಮ್ಮೆ ಗಾಡಿ ನಿಲ್ಲಿಸಿದಾಗ, ಅಕ್ಕ ಇಳಿದು ಹೋಗಿ, ಇವರು ಸಹಿಗಾಗಿ ಕೊಟ್ಟ ಸೀರೆಯ ಸೆರಗಿನಿಂದಲೇ ಗಾಜು ಒರೆಸಿ ಬಂದು ಕೂರುತ್ತಿದ್ದರು. ಮೂರನೆಯ ಸಲ ನಿಂತಾಗ ನಾನು ಚೀಲದಿಂದ ಆ ಕಾಗದ ತೆಗೆದು ಅಕ್ಕನ ಕೈಗಿಟ್ಟೆ. ಅದು ಏನೆಂದು ಹೇಳಿದೆ. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು, ನಾನು ಕಿಟಕಿಯಾಚೆ ನೋಡಿದೆ.

ಅಕ್ಕ ತಂದೆಯ ಅಕ್ಷರದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದರು. ಆಮೇಲೆ ಅಂದರು:

"ಅಪ್ಪ ಹಾಸಿಗ್ಯಾಗ ಸತ್ತ. ಈ ಗಾಡ್ಯಾಗ ಸತ್ತಿದ್ದರ ನನಗೂ ಒಂದ ಪಾಲು ಬರ್ತಿತ್ತು."

ನಗಲೆಂದೇ ಹೇಳಿದ ಮಾತು. ಇವರು ಗಾಡಿ ಚಾಲೂ ಮಾಡಲು ಹೋಗಿ, ಕೀಲಿ ತಿರುವದೆ ಹಾಗೇ ಕುಳಿತರು. ಅವರ ಕಣ್ಣು ತುಂಬಿದ್ದು ನಾನು ಕನ್ನಡಿಯಲ್ಲಿ ಕಂಡೆ. ಗಾಜಿನ ಮೇಲೆ ಮತ್ತೆ ಮಳೆ ಕೂತಿತು, ಅಕ್ಕ ಮತ್ತೆ ಇಳಿದು ಒರೆಸಿದರು.

ಬಾಗಲಕೋಟೆಯ ಆರ್‌ಟಿಓ ಆಫೀಸಿನಲ್ಲಿ ಎಲ್ಲಿ ತೋರಿಸಿದರೆ ಅಲ್ಲಿ ಅಕ್ಕ ಸಹಿ ಮಾಡಿದರು. ಅಲ್ಲಿಗೇ ಬಂದಿದ್ದ ಸೋಮಲಿಂಗ ಪೂರ್ತಿ ವಿಮೆಯ ಅರ್ಜಿ ಬಿಡಿಸಿಟ್ಟ. ಮಂಗನ ಹೆಸರನ್ನೂ ಬರೆಸಿಕೊಂಡು ಬಂದಿದ್ದ, ಪಾಪ.

"ಪಂಚಮಿಗೆ ಅಕ್ಕನ್ನ ಕರ್ಯಾಕ ಹೋದರ ಇದರಾಗ ಬರ್ತೈತೇನು?" ಎಂದು ಕೇಳಿದರು ಇವರು.

"ಇಲ್ರಿ, ಅದು ಮನಿ ಕೆಲಸ. ಪ್ರದರ್ಶನಕ್ಕ ಅಷ್ಟ ಐತಿ."

"ಹಂಗಾದರ ಇದು ಬ್ಯಾಡ. ಮೊದಲಿನದ ಇರ್ಲಿ."

ಸೋಮಲಿಂಗ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ನನ್ನತ್ತ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ನಿಟ್ಟುಸಿರು ಬಿಟ್ಟು ಹಳೆಯ ಸಣ್ಣ ವಿಮೆಯ ಅರ್ಜಿಯನ್ನೇ ತೆಗೆದು, ಮಾಲೀಕರ ಜಾಗದಲ್ಲಿ ಮೊದಲ ಸಲ ನಾಗಲಿಂಗ ಎಂದು ಬರೆದ. "ನಾಮಿನಿ? ಮನಿಯವರ ಹೆಸರು ಹಾಕ್ಲೇನ್ರಿ?"

"ಸಿದ್ದವ್ವ. ಅಕ್ಕ" ಎಂದರು ಇವರು.

ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ಚುರುಕ್ಕೆಂದಿತು. ಇಷ್ಟು ವರ್ಷ ರೊಟ್ಟಿ ಬಡಿದು ಹಾಕಿದವಳು ನಾನು. ಆದರೆ ಆ ಕಾಗದ ಹೊರಗೆ ತೆಗೆದವಳೂ ನಾನೇ, ಯಾರ ಮೇಲೆ ಸಿಟ್ಟಾಗಲಿ?

ಹೊರಗೆ ಬಂದು ಗಾಡಿಯಲ್ಲಿ ಕುಳಿತ ಮೇಲೆ ಅಕ್ಕ ಕೇಳಿದರು. "ಅಂದರ ಈಗ ನೀ ಗಾಡಿ ಹೊಡಿಯೂಮುಂದ ಸತ್ತರ ನನಗ ರೊಕ್ಕ ಬರ್ತೈತಿ, ಹೌದಿಲ್ಲೋ?"

"ಹೂಂ ಅಕ್ಕಾ."

ಅಕ್ಕ ಸ್ಟೀರಿಂಗ್ ಹಿಡಿದ ತಮ್ಮನ ಕೈಯ ಮೇಲೆ ತಮ್ಮ ಒದ್ದೆ ಕೈ ಇಟ್ಟರು.

"ನನಗ ಆ ರೊಕ್ಕ ಬರೂದು ಬ್ಯಾಡ. ಸಾವಕಾಶ ಹೊಡಿ."

ಇವರು ಎಷ್ಟು ಸಾವಕಾಶ ಹೊಡೆದರೆಂದರೆ, ಬಾದಾಮಿ ಮುಟ್ಟುವಷ್ಟರಲ್ಲಿ ಎರಡು ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿ ಹೋದವು.